ಬೇಸ್ ಕೇಳಿಸ್ತಿಲ್ಲ ಅಂದಾಗ ನಾನು ಎಲ್ಲಿಂದ ಶುರು ಮಾಡ್ತೀನಿ

ಮನೆಯಲ್ಲಿ ಒಬ್ಬನೇ ಕೂತು ನುಡಿಸುವಾಗ ನನ್ನ ಬೇಸ್ ಗಿಟಾರ್ ತುಂಬಾ ಚೆನ್ನಾಗಿ ಕೇಳಿಸುತ್ತಿತ್ತು. ಸದ್ದು ಜೋರು ಮಾಡುವ ಆಂಪ್‌ನಲ್ಲಿ ಬೇಸ್ ನಾಬ್ (ತಳದ ಸದ್ದು) ಜಾಸ್ತಿ, ಟ್ರೆಬಲ್ (ಮೇಲಿನ ಸದ್ದು) ಜಾಸ್ತಿ, ಮಿಡ್ (ಮಧ್ಯದ ಸದ್ದು) ಪೂರ್ತಿ ಕಡಿಮೆ. ಕೆಳಗೆ ಗುಂಯ್ ಅನ್ನೋ ತುಂಬಿದ ಸದ್ದು, ಮೇಲೆ ತಂತಿಯ ಹೊಳಪು. ಇದಕ್ಕಿಂತ ಒಳ್ಳೆ ಸದ್ದು ಇರೋಕೆ ಸಾಧ್ಯವಿಲ್ಲ ಅಂದುಕೊಂಡಿದ್ದೆ. ಆದರೆ ಒಬ್ಬ ಡ್ರಮ್ಮರ್, ಇಬ್ಬರು ಗಿಟಾರ್ ನುಡಿಸುವವರ ಜೊತೆ ನಿಂತ ತಕ್ಷಣ ಅದೆಲ್ಲ ಮಾಯ. ವಾಲ್ಯೂಮ್ ಏರಿಸಿದೆ. ಕೋಣೆಯ ಗಾಜು ಅದುರಿತೇ ಹೊರತು ನಾನು ಯಾವ ಸ್ವರ ನುಡಿಸುತ್ತಿದ್ದೇನೆ ಅಂತ ನನಗೇ ಗೊತ್ತಾಗಲಿಲ್ಲ. ಇನ್ನಷ್ಟು ಏರಿಸಿದೆ, ಎಲ್ಲರೂ ಕಿವಿ ಮುಚ್ಚಿಕೊಂಡರು.

ಆ ದಿನ ಸೌಂಡ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಏನೂ ಮಾತಾಡದೆ ಬಂದು, ನನ್ನ ಆಂಪ್‌ನ ಮಿಡ್ ನಾಬನ್ನು ತಳದಿಂದ ಎತ್ತಿ ಮಧ್ಯಕ್ಕಿಂತ ಸ್ವಲ್ಪ ಮುಂದಕ್ಕೆ ತಂದರು, ಬೇಸ್ ನಾಬನ್ನು ಇಳಿಸಿದರು, ವಾಲ್ಯೂಮನ್ನೂ ಇಳಿಸಿದರು. ಅದೇ ಹಾಡು ಮತ್ತೆ ಶುರು ಮಾಡಿದೆವು. ಪ್ರತಿ ಸ್ವರವೂ ಬೇರೆ ಬೇರೆಯಾಗಿ ಕೇಳಿಸಿತು! ಹಾಡು ಮುಗಿದ ಮೇಲೆ ಒಬ್ಬನೇ ನುಡಿಸಿ ನೋಡಿದೆ, ಅದೇ ಸದ್ದು ಮೂಗಿನಿಂದ ಮಾತಾಡಿದ ಹಾಗೆ ಒರಟಾಗಿತ್ತು. ಒಂಟಿಯಾಗಿ ಕೇಳೋಕೆ ಅಷ್ಟೇನೂ ಚೆನ್ನಾಗಿಲ್ಲದ ಸದ್ದು ಹಾಡಿನೊಳಗೆ ಸರಿಯಾಗಿ ಕೂತುಕೊಂಡಿತ್ತು.

ಅಲ್ಲಿಂದ ಇಲ್ಲಿವರೆಗೆ ನಾನು ತಂತಿ ಕೊಂಡರೂ, ಆಂಪ್ ಕೊಂಡರೂ, ತಿರುಪು ತಿರುಗಿಸಿದರೂ ಕೇಳಿಕೊಳ್ಳೋದು ಒಂದೇ ಪ್ರಶ್ನೆ: ಇದು ಹಾಡಿನೊಳಗೆ ಹೇಗೆ ಕೇಳಿಸುತ್ತದೆ? ಹೊಸದಾಗಿ ಬೇಸ್ ಹಿಡಿದವರು ಮತ್ತೆ ಮತ್ತೆ ನನ್ನನ್ನು ಕೇಳುವ ವಿಷಯಗಳನ್ನು ಆ ಪ್ರಶ್ನೆಯ ಸುತ್ತಲೇ ಬರೆದಿಡೋಣ ಅನ್ನಿಸಿತು.

ಮೊದಲು ಅದು ಯಾಕೆ ಹಾಗಾಯಿತು ಅಂತ ನೋಡೋಣ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಇ ತಂತಿಯ ಮೂಲ ಸ್ವರ 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ. ಎ 55, ಡಿ ಸುಮಾರು 73, ಜಿ 98. ಐದನೇ ತಂತಿ ಇದ್ದರೆ ಆ ಬಿ ಸ್ವರ 31 ಹರ್ಟ್ಜ್‌ನ ಆಸುಪಾಸು. ಇಷ್ಟು ಕೆಳಗಿನ ಸದ್ದಿಗೆ ನಮ್ಮ ಕಿವಿ ಮಂದ. ಮೊಬೈಲ್ ಫೋನಿನ ಚಿಕ್ಕ ಸ್ಪೀಕರ್ 41 ಹರ್ಟ್ಜ್ ಹೊರಡಿಸುವುದೇ ಇಲ್ಲ, ಆದರೂ ಫೋನಿನಲ್ಲಿ ಹಾಡು ಕೇಳುವಾಗ ಬೇಸ್ ಏನು ನುಡಿಸುತ್ತಿದೆ ಅಂತ ಗೊತ್ತಾಗುತ್ತದೆ, ಅಲ್ವಾ? ಯಾಕಂದರೆ ಆ ಇ ತಂತಿಯಿಂದ 82, 123, 165 ಹೀಗೆ ಮೂಲದ ಎರಡು, ಮೂರು, ನಾಲ್ಕು ಪಟ್ಟಿನ ಹಾರ್ಮೋನಿಕ್‌ಗಳೂ ಹೊರಡುತ್ತವೆ, ಅವುಗಳನ್ನು ಕೇಳಿದ ಮಿದುಳು ಕೆಳಗಿನ ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಅಂದರೆ ಕೇಳುಗರಿಗೆ ಸ್ವರದ ಗುರುತು ಹತ್ತುವುದು ಬಹುಪಾಲು ಮಧ್ಯದ ಸದ್ದಿನಿಂದ. ನಾನು ಕಿತ್ತುಹಾಕಿದ್ದು ಅದನ್ನೇ. ಉಳಿಸಿಕೊಂಡಿದ್ದ ತಳದ ಸದ್ದನ್ನು ಕಿಕ್ ಡ್ರಮ್ ಮುಚ್ಚಿತ್ತು, ಮೇಲಿನ ಹೊಳಪನ್ನು ಸಿಂಬಲ್ ಮತ್ತು ಗಿಟಾರ್ ಮುಚ್ಚಿದ್ದವು.

ಈಗ ಸಲಕರಣೆಯ ವಿಷಯ. ಸದ್ದು ಚೆನ್ನಾಗಿಲ್ಲ ಅನ್ನಿಸಿದಾಗ ಹೆಚ್ಚಿನವರು ಮೊದಲು ಯೋಚಿಸುವುದು ಹೊಸ ಗಿಟಾರ್ ಅಥವಾ ಕಾಲಡಿ ಇಟ್ಟು ಸದ್ದು ಬದಲಿಸುವ ಹೊಸ ಪೆಡಲ್ ಬಗ್ಗೆ. ನನ್ನ ಲೆಕ್ಕದಲ್ಲಿ ಅವೆರಡೂ ಕೊನೆಗೆ ಬರಬೇಕು. ಮೊದಲು ತಂತಿ, ಆಮೇಲೆ ಸೆಟಪ್ (ಗಿಟಾರಿನ ತಿರುಪುಗಳನ್ನು ಹದ ಮಾಡುವುದು), ಆಮೇಲೆ ಆಂಪ್ ಇಡುವ ಜಾಗ ಮತ್ತು ಈಕ್ಯೂ (ತಳ, ಮಧ್ಯ, ಮೇಲಿನ ಸದ್ದು ಏರಿಸಿ ಇಳಿಸುವ ನಾಬ್‌ಗಳು). ಇಷ್ಟು ಮಾಡಿದ ಮೇಲೂ ಏನೋ ಕಡಿಮೆ ಅನ್ನಿಸಿದರೆ ಮಾತ್ರ ದೊಡ್ಡ ಖರ್ಚು.

ತಂತಿಯಲ್ಲಿ ಮುಖ್ಯವಾಗಿ ಎರಡು ಜಾತಿ. ರೌಂಡ್‌ವೌಂಡ್ ಅಂದರೆ ಒಳಗಿನ ಉಕ್ಕಿನ ಎಳೆಯ ಮೇಲೆ ದುಂಡನೆಯ ತಂತಿ ಸುತ್ತಿರುವುದು. ಬೆರಳಿಗೆ ಗರಗರ ಅನ್ನುತ್ತದೆ, ಸದ್ದು ಚುರುಕು, ಸ್ವರ ತುಂಬಾ ಹೊತ್ತು ನಿಲ್ಲುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಸುತ್ತಿರುವುದು ಚಪ್ಪಟೆ ಪಟ್ಟಿ. ಮುಟ್ಟಿದರೆ ನುಣುಪು, ಸದ್ದು ದಪ್ಪ, ಮೀಟಿದ ಕ್ಷಣದಲ್ಲಿ ಧಡ್ ಅಂತ ಬಂದು ಬೇಗ ಇಳಿಯುತ್ತದೆ. ಇವೆರಡರ ನಡುವಿನ ಹಾಫ್‌ರೌಂಡ್ ಕೂಡ ಇದೆ, ನೈಲಾನ್ ಹೊದಿಕೆಯ ಟೇಪ್‌ವೌಂಡ್ ಕೂಡ ಇದೆ. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿ ತಂದ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್ ಕೇಳಿ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್, ದಪ್ಪ ಫ್ಲಾಟ್‌ವೌಂಡ್ ತಂತಿ, ಮೀಟಲು ಒಂದೇ ಬೆರಳು. ತಂತಿ ಹರಿಯದ ಹೊರತು ಅವರು ಬದಲಿಸುತ್ತಿರಲಿಲ್ಲ. ಆ ಸದ್ದಿನಲ್ಲಿ ಹೊಳಪು ಅಂತ ಏನೂ ಇಲ್ಲ, ಆದರೆ ಹಾಡಿನ ಒಂದು ಸ್ವರವೂ ತಪ್ಪಿಹೋಗುವುದಿಲ್ಲ. ಹಾಗಂತ ಎಲ್ಲರೂ ಫ್ಲಾಟ್‌ವೌಂಡ್ ಹಾಕಿ ಅಂತ ನಾನು ಹೇಳಲ್ಲ, ಹೆಬ್ಬೆರಳಿನಿಂದ ತಂತಿಗೆ ಬಡಿದು ಸ್ಲ್ಯಾಪ್ ನುಡಿಸುವವರಿಗೆ, ಜೋರು ಗಿಟಾರ್‌ಗಳ ನಡುವೆ ನಿಲ್ಲುವವರಿಗೆ ರೌಂಡ್‌ವೌಂಡ್ ಬೇಕೇ ಬೇಕು. ನಿಮ್ಮ ಹಾಡು ಯಾವುದು ಅಂತ ನೋಡಿ ಆರಿಸಿ.

ದಪ್ಪದ ಲೆಕ್ಕ ಇಂಚಿನ ಸಾವಿರದಲ್ಲೊಂದು ಪಾಲಿನಲ್ಲಿ. 45, 65, 85, 105 ಅನ್ನುವುದು ಎಲ್ಲ ಕಡೆ ಸಿಗುವ ಸಾಮಾನ್ಯ ಸೆಟ್. ತೆಳುವಾದ ಸೆಟ್ ಹಾಕಿದರೆ ಬೆರಳಿಗೆ ಸುಲಭ, ಆದರೆ ಜೋರಾಗಿ ಮೀಟುವವರ ಕೈಯಲ್ಲಿ ತಂತಿ ಜಾಸ್ತಿ ಆಡಿ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಬಡಿಯುತ್ತದೆ. ಯಾವುದನ್ನೇ ಹಾಕಿ, ದಪ್ಪ ಬದಲಾದರೆ ನೆಕ್ ಮೇಲಿನ ಎಳೆತವೂ ಬದಲಾಗುತ್ತದೆ, ಸೆಟಪ್ ಮತ್ತೆ ನೋಡಬೇಕಾಗುತ್ತದೆ.

ಹಾಕುವ ರೀತಿಯಲ್ಲೂ ಸದ್ದು ಕೆಡಬಹುದು. ತಂತಿಯನ್ನು ಕತ್ತರಿಸುವ ಮೊದಲು ಕತ್ತರಿಸುವ ಜಾಗದ ಹಿಂದೆ ಚೂಪಾಗಿ ಮಡಿಸಿ. ಮಡಿಸದೆ ಕತ್ತರಿಸಿದರೆ ಹೊರಗಿನ ಸುತ್ತು ಸಡಿಲವಾಗಿ ಜಾರಿ ಹೊಚ್ಚ ಹೊಸ ತಂತಿಯೂ ಸತ್ತ ಹಾಗೆ ಕೇಳಿಸಬಹುದು. ಶ್ರುತಿ ಮಾಡುವ ಪೆಗ್ ಮೇಲೆ ಎರಡು ಮೂರು ಸುತ್ತು ಸಾಕು, ಸುತ್ತು ಮೇಲಿಂದ ಕೆಳಕ್ಕೆ ಹೋಗಬೇಕು, ಆಗ ತಂತಿ ನೆಕ್ ತುದಿಯ ಕಚ್ಚುಗಳಿರುವ ನಟ್ ಮೇಲೆ ಗಟ್ಟಿಯಾಗಿ ಒತ್ತಿ ಕೂರುತ್ತದೆ. ಶ್ರುತಿ ಮಾಡಿದ ಮೇಲೆ, ಇನ್ನೊಂದು ತುದಿಯ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಪಕ್ಕ ಬೆರಳಿನಿಂದ ತಂತಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ದಪ್ಪ ತಂತಿ ಸ್ಯಾಡಲ್ ದಾಟಿದ ಮೇಲೆ ಸ್ವಲ್ಪ ಕಮಾನಿನ ಹಾಗೆ ಎದ್ದಿರುತ್ತದೆ, ಅಲ್ಲಿ ಒತ್ತಿದರೆ ನೇರವಾಗುತ್ತದೆ. ಎರಡು ಸೆಕೆಂಡಿನ ಕೆಲಸ, ಆದರೆ ಸ್ವರ ಎಷ್ಟು ಸ್ಪಷ್ಟವಾಗುತ್ತದೆ ಅಂತ ನೀವೇ ಮಾಡಿ ನೋಡಿ. ಹಳೆಯ ರೌಂಡ್‌ವೌಂಡ್ ಬಿಚ್ಚಿ ನೀರಿನಲ್ಲಿ ಕುದಿಸಿದರೆ ಸುತ್ತುಗಳ ನಡುವಿನ ಕೊಳೆ, ಬೆವರಿನ ಜಿಡ್ಡು ಬಿಡುತ್ತದೆ, ಹೊಳಪು ಕೆಲವು ದಿನಕ್ಕೆ ಮರಳುತ್ತದೆ. ಹೊಸ ಸೆಟ್ ಸಿಗುವವರೆಗೆ ದಾರಿ ಸಾಗಿಸೋಕೆ ಇದು ಸಾಕು.

ಇನ್ನು ಸೆಟಪ್. ಎಲ್ಲಕ್ಕಿಂತ ಜಾಸ್ತಿ ಬರೆಯಬೇಕು ಅನ್ನಿಸುವುದು ಇದರ ಬಗ್ಗೆಯೇ, ಯಾಕಂದರೆ ನನ್ನ ಮೊದಲ ಬೇಸ್ ಕೆಟ್ಟದು ಅಂತ ನಾನು ಮೂರು ವರ್ಷ ನಂಬಿದ್ದೆ. ಐದನೇ ಫ್ರೆಟ್ ದಾಟಿದರೆ ಝರ್ ಅನ್ನೋ ಸದ್ದು, ಹನ್ನೆರಡರ ಮೇಲೆ ಶ್ರುತಿ ಎಲ್ಲೋ. ಮಾರಿಬಿಡೋಣ ಅಂದುಕೊಂಡಾಗ ಗೆಳೆಯನೊಬ್ಬ ಒಂದು ಆಲನ್ ಕೀ, ಒಂದು ಸ್ಕ್ರೂಡ್ರೈವರ್, ಒಂದು ಚಿಕ್ಕ ಸ್ಕೇಲ್ ಹಿಡಿದು ಬಂದು ಒಂದು ಸಂಜೆ ನನ್ನ ಪಕ್ಕ ಕೂತ. ಆ ಬೇಸ್ ಇವತ್ತಿಗೂ ನನ್ನ ಹತ್ತಿರ ಇದೆ.

ಸೆಟಪ್‌ನಲ್ಲಿ ಕ್ರಮ ಮುಖ್ಯ. ಹೊಸ ತಂತಿ, ಸರಿಯಾದ ಶ್ರುತಿ, ಆಮೇಲೆ ನೆಕ್, ಆಮೇಲೆ ತಂತಿಯ ಎತ್ತರ, ಆಮೇಲೆ ಇಂಟೊನೇಷನ್, ಕೊನೆಗೆ ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತದ ಪಿಕಪ್. ನಡುವೆ ಒಂದನ್ನು ಹಾರಿಸಿದರೆ ಆಮೇಲಿನದ್ದೆಲ್ಲ ತಪ್ಪುತ್ತದೆ. ಪ್ರತಿ ಹಂತದ ನಂತರ ಮತ್ತೆ ಶ್ರುತಿ ಮಾಡಿ. ಬೇಸರ ಆಗುತ್ತದೆ ನಿಜ, ಆದರೆ ಮಾಡಲೇಬೇಕು.

ನೆಕ್ ಪೂರ್ತಿ ನೇರ ಇರಬಾರದು. ಕಂಪಿಸುವ ತಂತಿಗೆ ಜಾಗ ಬೇಕು, ಅದಕ್ಕಾಗಿ ನೆಕ್ ಒಂಚೂರು ಮುಂದಕ್ಕೆ ಬಾಗಿರಬೇಕು. ಇದನ್ನು ರಿಲೀಫ್ ಅನ್ನುತ್ತಾರೆ. ನೋಡುವುದು ಹೀಗೆ: ಇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಒಂದು ಕೈಯಿಂದ ಒತ್ತಿ, ಇನ್ನೊಂದು ಕೈಯಿಂದ ನೆಕ್ ಗಿಟಾರಿನ ಒಡಲಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ಒತ್ತಿ. ಮೊದಲನೆಯದಕ್ಕೆ ಕ್ಯಾಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಒಂದು ಕೈ ಉಳಿಯುತ್ತದೆ. ಈಗ ತಂತಿಯೇ ಒಂದು ನೇರ ಗೆರೆ. ಏಳು ಅಥವಾ ಎಂಟನೇ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಅಂದುಕೊಳ್ಳಿ. ಸಂದು ಇದಕ್ಕಿಂತ ಜಾಸ್ತಿ ಇದ್ದರೆ ನೆಕ್ ಒಳಗಿನ ಲೋಹದ ಸಲಾಕೆಯಾದ ಟ್ರಸ್ ರಾಡನ್ನು ಬಿಗಿ ಮಾಡಬೇಕು, ಅಂದರೆ ಅದರ ತುದಿಯ ನಟ್ಟನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಸಂದೇ ಇಲ್ಲದಿದ್ದರೆ ಸಡಿಲ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ತಿರುಗಿಸಿ, ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ, ಮರ ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ರಾಡ್ ತಿರುಗಲು ಒಪ್ಪದಿದ್ದರೆ ದಯವಿಟ್ಟು ಬಲ ಹಾಕಬೇಡಿ. ಅದು ಒಳಗೆ ಮುರಿದರೆ ನೆಕ್ಕೇ ಹೋದ ಹಾಗೆ. ಅಲ್ಲಿಗೆ ನಿಲ್ಲಿಸಿ, ರಿಪೇರಿ ಗೊತ್ತಿರುವವರ ಕೈಗೆ ಕೊಡಿ.

ಆಮೇಲೆ ತಂತಿಯ ಎತ್ತರ, ಆಕ್ಷನ್ ಅಂತಾರಲ್ಲ ಅದು. ಇದು ಬ್ರಿಡ್ಜ್‌ನ ಸ್ಯಾಡಲ್‌ಗಳ ಚಿಕ್ಕ ತಿರುಪುಗಳಲ್ಲಿ ಬದಲಾಗುತ್ತದೆ. ಹದಿನೇಳನೇ ಫ್ರೆಟ್‌ನ ಹತ್ತಿರ ಇ ತಂತಿ 2.4 ಮಿಲಿಮೀಟರ್, ಜಿ ತಂತಿ 2 ಮಿಲಿಮೀಟರ್ ಇಟ್ಟು ಶುರು ಮಾಡಿ. ಅಲ್ಲಿಂದ ನಿಮ್ಮ ಕೈ ಹೇಳಿದ ಹಾಗೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲರೂ ತಂತಿಯನ್ನು ಎಷ್ಟು ಕೆಳಗಾಗುತ್ತದೋ ಅಷ್ಟು ಕೆಳಗೆ ಇಡಲು ಹೋಗುತ್ತಾರೆ, ಬೆರಳಿಗೆ ಸುಲಭ ಅಂತ. ಆದರೆ ತೀರಾ ಕೆಳಗಿದ್ದರೆ ತಂತಿ ಪೂರ್ತಿ ಬಿಚ್ಚಿಕೊಂಡು ಆಡೋಕೆ ಆಗಲ್ಲ, ಸ್ವರ ಚಪ್ಪಟೆಯಾಗುತ್ತದೆ, ಸ್ವಲ್ಪ ಗಟ್ಟಿಯಾಗಿ ಮೀಟಿದರೂ ಕಟಕಟ ಅನ್ನುತ್ತದೆ. ನಾನು ಒಂದು ಹಂತ ಮೇಲೆ ಇಡುತ್ತೇನೆ. ಬೆರಳಿಗೆ ಮೊದಲ ವಾರ ಕಷ್ಟವಾಯಿತು, ಸದ್ದು ಮಾತ್ರ ಅವತ್ತಿನಿಂದಲೇ ತುಂಬಿಕೊಂಡಿತು.

ಝರ್ ಸದ್ದು ಎಲ್ಲಿ ಬರುತ್ತದೆ ಅನ್ನುವುದೇ ಕಾರಣದ ಸುಳಿವು ಕೊಡುತ್ತದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಮಾತ್ರ ಬಂದರೆ ಹೆಚ್ಚಾಗಿ ನೆಕ್ ತೀರಾ ನೇರವಾಗಿದೆ. ಹನ್ನೆರಡರ ಮೇಲೆ ಮಾತ್ರ ಬಂದರೆ ಸ್ಯಾಡಲ್ ತಗ್ಗಿದೆ, ಇಲ್ಲವೇ ರಿಲೀಫ್ ಜಾಸ್ತಿಯಾಗಿದೆ. ಒಂದೇ ಒಂದು ಫ್ರೆಟ್‌ನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಒತ್ತದೆ ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ನಟ್‌ನ ಕಚ್ಚು ಆಳವಾಗಿ ಸವೆದಿದೆ. ಆದರೆ ಗಮನಿಸಿ, ಆಂಪ್‌ನಿಂದ ಕೇಳಿಸದ ಸಣ್ಣ ಝರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಇಂಟೊನೇಷನ್ ಅಂದರೆ ನೆಕ್‌ನ ಉದ್ದಕ್ಕೂ ಶ್ರುತಿ ಸರಿಯಾಗಿ ನಿಲ್ಲುವುದು. ಹನ್ನೆರಡನೇ ಫ್ರೆಟ್‌ನ ನೇರ ಮೇಲೆ ಬೆರಳು ತಾಕಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಜಾಗದಲ್ಲಿ ಒತ್ತಿ ನುಡಿಸಿ. ಟ್ಯೂನರ್‌ನಲ್ಲಿ ಎರಡೂ ಒಂದೇ ತೋರಿಸಬೇಕು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಅಂದರೆ ನೆಕ್‌ನಿಂದ ದೂರಕ್ಕೆ ಸರಿಸಿ. ಕೆಳಗಿದ್ದರೆ ನೆಕ್ ಕಡೆಗೆ. ಸರಿಸುವಾಗ ತಂತಿಯನ್ನು ಸ್ವಲ್ಪ ಸಡಿಲ ಮಾಡಿಕೊಂಡರೆ ತಿರುಪು ಹಾಳಾಗಲ್ಲ. ಹಳೆಯ ತಂತಿಯಲ್ಲಿ ಇದನ್ನು ಮಾಡಬೇಡಿ, ಕೊಳೆ ಕೂತು ಸವೆದ ತಂತಿ ತಾನೇ ಸುಳ್ಳು ಶ್ರುತಿ ಕೊಡುತ್ತದೆ.

ಪಿಕಪ್ ಎತ್ತರವನ್ನು ಯಾಕೋ ಯಾರೂ ಮುಟ್ಟುವುದೇ ಇಲ್ಲ. ಎರಡು ತಿರುಪು, ಅಷ್ಟೇ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಪಿಕಪ್‌ನಿಂದ ಇ ತಂತಿಯ ತಳಕ್ಕೆ ಸುಮಾರು 3 ಮಿಲಿಮೀಟರ್, ಜಿ ತಂತಿಗೆ ಸುಮಾರು 2.5 ಇಟ್ಟು ಕೇಳಿ. ಹತ್ತಿರ ತಂದಷ್ಟೂ ಸದ್ದು ಜೋರು ಅಂತ ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲೆಅಲೆಯಾಗಿ ತೂಗುತ್ತದೆ. ಇ ಗುಡುಗಿ ಜಿ ಪಿಸುಗುಟ್ಟುತ್ತಿದ್ದರೆ ಇ ಕಡೆಯ ತಿರುಪು ಇಳಿಸಿ. ನಾಲ್ಕೂ ತಂತಿ ಒಂದೇ ಗಟ್ಟಿಯಲ್ಲಿ ಕೇಳಿಸುವವರೆಗೆ ಇದನ್ನು ಮಾಡಿದರೆ, ಜೋರು ಮೆಲು ಸ್ವರಗಳನ್ನು ಸಮ ಮಾಡುವ ಕಂಪ್ರೆಸರ್ ಪೆಡಲ್ ಬೇಕು ಅಂತ ಅನ್ನಿಸುತ್ತಿದ್ದದ್ದು ಅರ್ಧ ಕಡಿಮೆಯಾಗುತ್ತದೆ.

ಹವೆಯಲ್ಲಿ ತೇವ ಬದಲಾದಾಗ ಮರ ಹಿಗ್ಗಿ ಕುಗ್ಗುತ್ತದೆ, ರಿಲೀಫ್ ಮತ್ತೆ ಬದಲಾಗುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಮೂರು ಸಲ ನೋಡಿಕೊಳ್ಳಬೇಕು.

ಇನ್ನು ಬೇಸನ್ನೇ ಆರಿಸುವ ವಿಷಯ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್‌ಗೆ 1957ರಲ್ಲಿ ಎರಡು ತುಂಡಾಗಿ ಸೀಳಿದ ಪಿಕಪ್ ಬಂತು. ಒಂದು ತುಂಡು ಎರಡು ತಂತಿಗೆ, ಇನ್ನೊಂದು ಉಳಿದೆರಡಕ್ಕೆ. ಎರಡೂ ಸೇರಿ ಹಮ್ (ಕರೆಂಟಿನಿಂದ ಬರುವ ಗುಂಯ್ ಸದ್ದು) ಅಳಿಸಿಹಾಕುತ್ತವೆ. ಇದರ ಸದ್ದಿನಲ್ಲಿ ಕೆಳಗಿನ ಮಧ್ಯಭಾಗ ದಪ್ಪ, ಹಾಡಿನೊಳಗೆ ತಾನಾಗಿ ಕೂರುತ್ತದೆ, ನಾಬ್ ಎರಡೇ. 1960ರ ಜಾಝ್ ಬೇಸ್‌ಗೆ ಎರಡು ಪಿಕಪ್. ಎರಡನ್ನೂ ಪೂರ್ತಿ ತೆರೆದರೆ ಹಮ್ ಹೋಗುತ್ತದೆ, ಆದರೆ ಮಿಡ್‌ನ ಒಂದಿಷ್ಟು ಭಾಗವೂ ಹೋಗುತ್ತದೆ. ಬ್ರಿಡ್ಜ್ ಪಿಕಪ್ ಜಾಸ್ತಿ ಮಾಡಿದರೆ ಗುರುಗುಟ್ಟುವ ಬಿಗಿಯಾದ ಸದ್ದು, ಜೊತೆಗೆ ಸ್ವಲ್ಪ ಹಮ್. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಲ್ಲಿ ಬ್ರಿಡ್ಜ್ ಹತ್ತಿರ ಒಂದು ದೊಡ್ಡ ಹಂಬಕರ್ (ಹಮ್ ಅಳಿಸುವ ಪಿಕಪ್), ಒಳಗೇ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್. ಇವತ್ತು ಸಿಗುವ ಬೇಸ್‌ಗಳಲ್ಲಿ ಬಹಳಷ್ಟು ಈ ಮೂರರ ಯಾವುದೋ ಒಂದರ ದಾರಿಯಲ್ಲಿವೆ. ಒಂದೇ ಬೇಸ್ ಇಟ್ಟುಕೊಳ್ಳುವುದಾದರೆ ನಾನು ಪ್ರಿಸಿಷನ್ ಜಾತಿಯದ್ದನ್ನೇ ಹಿಡಿಯುತ್ತೇನೆ. ಇದು ನನ್ನ ಒಲವು, ಜಾಝ್ ಬೇಸ್ ಇಷ್ಟಪಡುವವರ ಜೊತೆ ಜಗಳಕ್ಕೆ ನಿಲ್ಲಲ್ಲ.

ಕೈ ಚಿಕ್ಕದು, ಭುಜ ನೋಯುತ್ತದೆ ಅನ್ನುವವರು 34 ಇಂಚಿನ ಮಾಮೂಲಿ ಸ್ಕೇಲ್ ಬಿಟ್ಟು 30 ಇಂಚಿನ ಶಾರ್ಟ್ ಸ್ಕೇಲ್ ಎತ್ತಿ ನೋಡಿ. ತಂತಿ ಸಡಿಲ, ಸದ್ದು ದುಂಡಗೆ. ಅಂಗಡಿಯಲ್ಲಿ ಕೂತು ನೋಡಿದರೆ ಸಾಲದು, ಭುಜಕ್ಕೆ ಪಟ್ಟಿ ಹಾಕಿಕೊಂಡು ಹತ್ತು ನಿಮಿಷ ನಿಂತು ನುಡಿಸಿ. ತಲೆಭಾಗ ಕೆಳಕ್ಕೆ ವಾಲುವ ಬೇಸ್ ಆದರೆ ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ದಣಿಯುತ್ತದೆ. ಪ್ರತಿ ತಂತಿಯ ಪ್ರತಿ ಫ್ರೆಟ್ ನುಡಿಸಿ, ಯಾವುದಾದರೂ ಸ್ವರ ಬೇಗ ಸಾಯುತ್ತದೆಯೇ ಅಂತ ಕೇಳಿ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಹತ್ತಿರ ಅಂಥ ಸತ್ತ ಜಾಗ ಹಲವು ಬೇಸ್‌ಗಳಲ್ಲಿ ಇರುತ್ತದೆ. ಅದು ನೆಕ್‌ನ ಕಂಪನದಿಂದ ಆಗುವುದು, ಸೆಟಪ್‌ನಿಂದ ಹೋಗಲ್ಲ.

ಆಕ್ಟಿವ್ ಬೇಸ್, ಅಂದರೆ ಒಳಗೆ ಬ್ಯಾಟರಿಯ ಪ್ರಿಆಂಪ್ ಇರುವುದನ್ನು ಕೊಂಡವರಿಗೆ ಒಂದು ಎಚ್ಚರಿಕೆ. ಕೇಬಲ್ ಚುಚ್ಚಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನೀವು ನುಡಿಸದಿದ್ದರೂ. ಮುಗಿದ ತಕ್ಷಣ ಕಿತ್ತಿಡಿ, ಇನ್ನೊಂದು 9 ವೋಲ್ಟ್ ಬ್ಯಾಟರಿ ಚೀಲದಲ್ಲಿರಲಿ. ಸದ್ದು ಇದ್ದಕ್ಕಿದ್ದ ಹಾಗೆ ಒಡೆದು ಕೇಳಿಸಿದರೆ ಆಂಪನ್ನು ಬೈಯುವ ಮೊದಲು ಬ್ಯಾಟರಿ ಬದಲಿಸಿ ನೋಡಿ. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್‌ನವರಿಗೆ ಚಿಂತೆ ಕೇಬಲ್‌ನದು. ಉದ್ದ ಜಾಸ್ತಿಯಾದಷ್ಟೂ ಮೇಲಿನ ಹೊಳಪು ಸೋರಿಹೋಗುತ್ತದೆ. ಮಿಕ್ಸರ್‌ಗೆ ನೇರ ಚುಚ್ಚಿದರೆ ಸದ್ದು ಸೊರಗಿದ ಹಾಗಿರುತ್ತದೆ, ನಡುವೆ ಗಿಟಾರ್ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಒಂದು ಡಿಐ ಬಾಕ್ಸ್ ಇರಲಿ.

ಆಂಪ್ ವಿಷಯಕ್ಕೆ ಬಂದರೆ ಎಲ್ಲರೂ ವಾಟ್ ಎಷ್ಟು ಅಂತ ಕೇಳುತ್ತಾರೆ. ವಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 300 ವಾಟ್‌ಗೂ 400ಕ್ಕೂ ನಡುವೆ ತಲೆ ಬಿಸಿ ಮಾಡಿಕೊಳ್ಳಬೇಡಿ, ಸ್ಪೀಕರ್ ಕ್ಯಾಬಿನೆಟ್‌ನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಾಟ್‌ಗೆ ಅದು ಎಷ್ಟು ಜೋರು ಅನ್ನುವುದನ್ನು ನೋಡಿ. ಒಂದು 97, ಇನ್ನೊಂದು 100 ಡೆಸಿಬೆಲ್ ಅಂತಿದ್ದರೆ ಆ ಎರಡನೆಯದು ಮೊದಲನೆಯದರ ಅರ್ಧದಷ್ಟು ವಾಟ್‌ನಲ್ಲೇ ಅಷ್ಟೇ ಜೋರಾಗಿರುತ್ತದೆ. ಡ್ರಮ್ ಜೊತೆ ನುಡಿಸಲು ನನಗೆ 300 ವಾಟ್ ಸಾಕಾಗಿದೆ. ಬೇಸ್‌ಗೆ ಗಿಟಾರ್‌ನವರಿಗಿಂತ ಜಾಸ್ತಿ ವಾಟ್ ಬೇಕಾಗುವುದು ಕೆಳಗಿನ ಸದ್ದಿಗೆ ಅಷ್ಟು ಗಾಳಿಯನ್ನು ತಳ್ಳಬೇಕಾಗಿರುವುದರಿಂದ. ಅದೇ ಕಾರಣಕ್ಕೆ ಗಿಟಾರ್ ಆಂಪ್‌ಗೆ ಬೇಸ್ ಚುಚ್ಚಿ ಜೋರು ಮಾಡಬೇಡಿ, ಸ್ಪೀಕರ್‌ನ ಕೋನ್ ಮಿತಿ ಮೀರಿ ಆಡಿ ಹರಿಯಬಹುದು. ಮನೆಯಲ್ಲಿ ಮೆಲ್ಲಗೆ ಅಭ್ಯಾಸ ಮಾಡೋಕೆ ಪರವಾಗಿಲ್ಲ.

ಓಮ್ (ಸ್ಪೀಕರ್ ಒಡ್ಡುವ ವಿದ್ಯುತ್ ತಡೆ) ಲೆಕ್ಕ ಮಾತ್ರ ತಪ್ಪಬಾರದು. 8 ಓಮ್‌ನ ಎರಡು ಕ್ಯಾಬಿನೆಟ್ ಜೋಡಿಸಿದರೆ ಒಟ್ಟು 4 ಓಮ್. 4 ಓಮ್‌ನವು ಎರಡಾದರೆ 2. ನಿಮ್ಮ ಆಂಪ್ ಹಿಂದೆ ಕನಿಷ್ಠ 4 ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಗಾಜಿನ ಟ್ಯೂಬ್‌ಗಳಿಂದ ನಡೆಯುವ ವಾಲ್ವ್ ಆಂಪ್ ಆದರೆ ಸ್ಪೀಕರ್ ಜೋಡಿಸದೆ ಎಂದಿಗೂ ಆನ್ ಮಾಡಿ ನುಡಿಸಬಾರದು, ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಆಂಪ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ಅಲ್ಲಿ ಬಿಸಿಯಾಗುತ್ತದೆ.

ಈಗ ಆಂಪನ್ನು ಎಲ್ಲಿಡಬೇಕು ಅನ್ನುವುದು. ಇದಕ್ಕೆ ಖರ್ಚೇ ಇಲ್ಲ, ಬದಲಾವಣೆ ಮಾತ್ರ ನಂಬೋಕಾಗದಷ್ಟು. 41 ಹರ್ಟ್ಜ್‌ನ ಒಂದು ಅಲೆಯ ಉದ್ದ 8 ಮೀಟರ್‌ಗಿಂತ ಜಾಸ್ತಿ. ನಾವು ಅಭ್ಯಾಸ ಮಾಡುವ ಕೋಣೆಗಳು ಅದಕ್ಕಿಂತ ಚಿಕ್ಕವು. ಎದುರುಬದುರು ಗೋಡೆಗಳ ನಡುವೆ 4 ಮೀಟರ್ ಇರುವ ಕೋಣೆಯಲ್ಲಿ ಸುಮಾರು 43 ಹರ್ಟ್ಜ್ ಉಬ್ಬುತ್ತದೆ, ಅಂದರೆ ಕೆಳಗಿನ ಇ ಮತ್ತು ಎಫ್ ಸ್ವರಗಳು. 3.1 ಮೀಟರ್ ಆದರೆ ಎ. ಉಳಿದ ಸ್ವರಗಳೆಲ್ಲ ಮಾಮೂಲಿ, ಆ ಒಂದು ಸ್ವರ ಬಂದಾಗ ಮಾತ್ರ ಕೋಣೆಯೇ ಗುಂಯ್ ಅನ್ನುತ್ತದೆ. ಇನ್ನೂ ವಿಚಿತ್ರ ಅಂದರೆ ಗೋಡೆಯ ಹತ್ತಿರ ನಿಂತವರಿಗೆ ಅದು ಜೋರು, ಕೋಣೆಯ ನಡುವೆ ನಿಂತವರಿಗೆ ಅದೇ ಸ್ವರ ಕೇಳಿಸುವುದೇ ಕಡಿಮೆ. ನಡುವೆ ನಿಂತ ನೀವು ಬೇಸ್ ಸಾಲದು ಅಂತ ಏರಿಸುತ್ತೀರಿ, ಗೋಡೆಗೆ ಒರಗಿದ ಡ್ರಮ್ಮರ್ ಸಾಕಪ್ಪಾ ಅನ್ನುತ್ತಾನೆ. ಇಬ್ಬರೂ ಹೇಳುವುದು ನಿಜವೇ.

ಮೂಲೆಯಲ್ಲಿ ಇಟ್ಟರೆ ಕೆಳಗಿನ ಸದ್ದು ಪೂರ್ತಿ ಉಬ್ಬುತ್ತದೆ, ರಾಡಿಯಾಗುತ್ತದೆ. ಹಿಂದಿನ ಗೋಡೆಯಿಂದ ಸ್ಪೀಕರ್ 1 ಮೀಟರ್ ದೂರ ಇದ್ದರೆ ಗೋಡೆಗೆ ಬಡಿದು ಬಂದ ಅಲೆ 86 ಹರ್ಟ್ಜ್ ಆಸುಪಾಸನ್ನು ತಿಂದುಹಾಕುತ್ತದೆ. ಒಂದು ಅಡಿ ಆಚೆ ಈಚೆ ಸರಿಸಿದರೂ ಇದು ಬದಲಾಗುತ್ತದೆ. ಇನ್ನೊಂದು, ನೆಲದ ಮೇಲಿಟ್ಟ ಸ್ಪೀಕರ್ ನಿಮ್ಮ ಮೊಣಕಾಲಿಗೆ ಬೇಸ್ ಕೇಳಿಸುತ್ತಿರುತ್ತದೆ, ಕಿವಿಗಲ್ಲ. ಕುರ್ಚಿಯ ಮೇಲೆತ್ತಿ ಇಡಿ ಅಥವಾ ಹಿಂದಕ್ಕೆ ಓರೆ ಮಾಡಿ. ಮಿಡ್ ನೇರವಾಗಿ ಕಿವಿಗೆ ಬಂದ ತಕ್ಷಣ ವಾಲ್ಯೂಮ್ ಇಳಿಸಬಹುದು ಅನ್ನಿಸುತ್ತದೆ.

ಈಕ್ಯೂ ನಾಬ್‌ಗಳನ್ನೆಲ್ಲ ಮಧ್ಯದಲ್ಲಿಟ್ಟು, ಬ್ಯಾಂಡ್ ಪೂರ್ತಿ ನುಡಿಸುತ್ತಿರುವಾಗಲೇ ಬದಲಿಸಿ. ರಾಡಿ ಅನ್ನಿಸಿದರೆ 200ರಿಂದ 300 ಹರ್ಟ್ಜ್ ಹತ್ತಿರ ಸ್ವಲ್ಪ ಕಡಿಮೆ ಮಾಡಿ. ಸ್ವರ ಗೊತ್ತಾಗುತ್ತಿಲ್ಲ ಅಂದರೆ 500ರಿಂದ 800 ಏರಿಸಿ. ಬೆರಳಿನ ಏಟು ಸ್ಪಷ್ಟ ಬೇಕಾದರೆ 2 ಕಿಲೋಹರ್ಟ್ಜ್ ಆಸುಪಾಸು. ತೀರಾ ಕೆಳಗಿನ ಸದ್ದನ್ನು ತಡೆಯುವ ಹೈ ಪಾಸ್ ಫಿಲ್ಟರ್ ಇದ್ದರೆ 30–35 ಹರ್ಟ್ಜ್‌ಗೆ ಹಾಕಿ, ಯಾರಿಗೂ ಕೇಳಿಸದ ಆ ಕೆಳಗಿನ ಅಲುಗಾಟಕ್ಕೆ ಸ್ಪೀಕರ್ ಸುಮ್ನೆ ದುಡಿಯುವುದು ತಪ್ಪುತ್ತದೆ. ಒಂದನ್ನು ಏರಿಸುವ ಮೊದಲು ಇನ್ನೊಂದನ್ನು ಇಳಿಸಿ ನೋಡುವುದು ನನ್ನ ಅಭ್ಯಾಸ.

ಪೆಡಲ್‌ಗಳಲ್ಲಿ ಟ್ಯೂನರ್ ಬಿಟ್ಟರೆ ನನ್ನ ಹತ್ತಿರ ಇರುವುದು ಒಂದು ಕಂಪ್ರೆಸರ್. 4ಕ್ಕೆ 1 ಅನುಪಾತ, ಜೋರಾದ ಸ್ವರಗಳಲ್ಲಿ ಮಾತ್ರ 3–4 ಡೆಸಿಬೆಲ್ ಇಳಿಯುವಷ್ಟು, ಅಟ್ಯಾಕ್ (ಅದು ಎಷ್ಟು ಬೇಗ ಹಿಡಿತಕ್ಕೆ ತರುತ್ತದೆ ಅನ್ನುವುದು) ನಿಧಾನ. ಅಟ್ಯಾಕ್ ವೇಗವಾಗಿಟ್ಟರೆ ಬೆರಳಿನ ಏಟೇ ಸತ್ತುಹೋಗುತ್ತದೆ.

ಅದಕ್ಕಿಂತ ಮೊದಲು ಬಲಗೈ ಗಮನಿಸಿ. ಬ್ರಿಡ್ಜ್ ಹತ್ತಿರ ಮೀಟಿದರೆ ಬಿಗಿ, ನೆಕ್ ಹತ್ತಿರ ದುಂಡಗೆ. ಎರಡು ಇಂಚಿನ ಈ ವ್ಯತ್ಯಾಸ ಯಾವ ಈಕ್ಯೂ ನಾಬ್‌ಗೂ ಕಡಿಮೆಯಿಲ್ಲ. ಮೆಲ್ಲಗೆ ಮೀಟಿ ಆಂಪ್ ಸ್ವಲ್ಪ ಜೋರು ಮಾಡಿದರೆ ಸ್ವರ ದಪ್ಪಗೆ ಬರುತ್ತದೆ. ನುಡಿಸದ ತಂತಿಗಳ ಮೇಲೆ ಹೆಬ್ಬೆರಳು ಒರಗಿಸಿ ಅವು ತಾವಾಗಿ ಮೊಳಗದಂತೆ ತಡೆಯಿರಿ, ರಾಡಿ ಅಂದುಕೊಂಡದ್ದು ಎಷ್ಟೋ ಸಲ ಆ ತಂತಿಗಳ ಸದ್ದೇ ಆಗಿರುತ್ತದೆ. ಬ್ರಿಡ್ಜ್ ಪಕ್ಕ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜ್ ತುರುಕಿ ನೋಡಿ. ಹಳೆಯ ಫೆಂಡರ್ ಬೇಸ್‌ಗಳಲ್ಲಿ ಬ್ರಿಡ್ಜ್ ಮುಚ್ಚಳದೊಳಗೆ ಇಂಥ ಸ್ಪಂಜ್ ಕಾರ್ಖಾನೆಯಿಂದಲೇ ಬರುತ್ತಿತ್ತು. ಸ್ವರ ಗಿಡ್ಡವಾಗುತ್ತದೆ, ನಿಧಾನದ ಹಾಡಿನಲ್ಲಿ ಅದು ಎಷ್ಟು ಚೆಂದ ಕೇಳಿಸುತ್ತದೆ ಅಂದರೆ ನಾನು ಈಗ ಒಂದು ತುಂಡನ್ನು ಯಾವಾಗಲೂ ಗಿಟಾರ್ ಚೀಲದಲ್ಲೇ ಇಟ್ಟಿರುತ್ತೇನೆ.

ಪ್ರತಿ ಅಭ್ಯಾಸದಲ್ಲೂ ನಾನು ಫೋನನ್ನು ಆಂಪ್‌ನಿಂದ ದೂರ, ಬಾಗಿಲ ಹತ್ತಿರ ಇಟ್ಟು ರೆಕಾರ್ಡ್ ಮಾಡುತ್ತೇನೆ. ಮಾರನೇ ದಿನ ಕಿವಿ ತಾಜಾ ಇರುವಾಗ ಕೇಳುತ್ತೇನೆ, ಬೇಸ್‌ನ ಸ್ವರಗಳನ್ನು ಕೇಳಿಯೇ ಬರೆದುಕೊಳ್ಳಲು ಆಗುತ್ತದೆಯೇ ಅಂತ ನೋಡುತ್ತೇನೆ. ಹೋದ ವಾರದ್ದರಲ್ಲಿ ಎರಡು ಹಾಡು ಪೂರ್ತಿ ಬರೆಯಲು ಆಯಿತು. ಮೂರನೆಯದರಲ್ಲಿ ಕೆಳಗಿನ ಎಫ್ ಬಂದಾಗಲೆಲ್ಲ ಉಬ್ಬಿ, ಪಕ್ಕದ ಸ್ವರಗಳನ್ನು ನುಂಗಿದೆ. ಕ್ಯಾಬಿನೆಟ್ ಎಡಗಡೆಯ ಗೋಡೆಗೆ ಹತ್ತಿರವಾಗಿತ್ತು. ಮುಂದಿನ ಸಲ ಅದನ್ನು ಅಲ್ಲಿಂದ ಎರಡು ಅಡಿ ಈಚೆಗೆ ತಂದು, ಅದೇ ಹಾಡು ಮೊದಲು ನುಡಿಸೋಣ ಅಂತ ಡ್ರಮ್ಮರ್‌ಗೆ ಹೇಳಿಟ್ಟಿದ್ದೇನೆ.